ಹುಡುಗರ ಕೈಗೆ ಮಚ್ಚು ಬಂದದ್ದು ಎಲ್ಲಿಂದ?

2025ರ ಫೆಬ್ರುವರಿ ಕೊನೆಯ ವಾರ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯ ಟ್ಯೂಷನ್ ಕೇಂದ್ರವೊಂದರಲ್ಲಿ ಹತ್ತನೇ ತರಗತಿ ಮಕ್ಕಳ ಬೀಳ್ಕೊಡುಗೆ. ಒಂದು ಶಾಲೆಯ ಮಕ್ಕಳು ಕುಣಿಯುತ್ತಿದ್ದಾಗ ಹಾಡು ನಡುವೆಯೇ ನಿಂತುಹೋಯಿತು. ಇನ್ನೊಂದು ಶಾಲೆಯವರು ಹೋ ಎಂದು ಕೂಗಿ ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆಯಿತು, ಅಲ್ಲಿದ್ದ ಶಿಕ್ಷಕರು ಸಮಾಧಾನ ಮಾಡಿ ಕಳಿಸಿದರು. ಹದಿನೈದರ ವಯಸ್ಸಿನಲ್ಲಿ ಇಂಥ ಜಗಳಕ್ಕೆ ಒಂದು ಸಂಜೆಯ ಆಯುಷ್ಯ ಇದ್ದರೆ ಹೆಚ್ಚು. ಆದರೆ ಈ ಜಗಳ ಮೊಬೈಲ್ ಗುಂಪುಗಳಿಗೆ ಹೋಯಿತು, ಅಲ್ಲಿ ಕಾವು ಪಡೆಯಿತು. ಕೆಲವೇ ದಿನಗಳಲ್ಲಿ ಎರಡೂ ಕಡೆಯ ಹುಡುಗರು ಹೇಳಿ ಕಳಿಸಿಕೊಂಡು ರಸ್ತೆಯಲ್ಲಿ ಸೇರಿದರು. ತಲೆಗೆ ಪೆಟ್ಟು ಬಿದ್ದ ಒಬ್ಬ ಹುಡುಗ ಮನೆಗೆ ಹೋಗಿ ಮಲಗಿದ. ಹೊರಗೆ ಕಾಣುವಂಥ ದೊಡ್ಡ ಗಾಯವಿರಲಿಲ್ಲ. ಮಾರ್ಚ್ 1ರ ಬೆಳಗಾಗುವ ಹೊತ್ತಿಗೆ ಅವನಿಲ್ಲ. ಹೊಡೆಯಲು ಬಳಸಿದ್ದು ನಂಚಾಕು, ಸರಪಳಿ ಬಿಗಿದ ಜೋಡಿ ಕೋಲು. ಆರೋಪ ಹೊತ್ತ ಹುಡುಗರು ಅದೇ ತಿಂಗಳು ಪೊಲೀಸ್ ಕಾವಲಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದರು.

ಆ ಹುಡುಗರ ಗುಂಪಿನದೆಂದು ಹೇಳಲಾದ ಸಂದೇಶಗಳು ಆಮೇಲೆ ಹೊರಬಂದವು. ಗುಂಪು ಹೊಡೆದಾಟದಲ್ಲಿ ಯಾರಾದರೂ ಸತ್ತರೆ ಪೊಲೀಸರು ಏನೂ ಮಾಡುವುದಿಲ್ಲ ಎಂಬ ಅರ್ಥದ ಮಾತು ಅವುಗಳಲ್ಲಿತ್ತು. ಎಲ್ಲರೂ ಆ ಕ್ರೌರ್ಯಕ್ಕೆ ಬೆಚ್ಚಿಬಿದ್ದರು. ನನ್ನನ್ನು ಕಾಡಿದ್ದು ಆ ಮಾತಿನ ಆತ್ಮವಿಶ್ವಾಸ. ಹತ್ತನೇ ತರಗತಿಯ ಹುಡುಗನಿಗೆ ಕೇಸು ಯಾವಾಗ ಬೀಳುತ್ತದೆ, ಯಾವಾಗ ಬೀಳುವುದಿಲ್ಲ ಎಂಬ ಲೆಕ್ಕ ಹೇಳಿಕೊಟ್ಟವರು ಯಾರು? ಅದು ಪಠ್ಯಪುಸ್ತಕದಲ್ಲಿಲ್ಲ. ಸುತ್ತಲಿನ ದೊಡ್ಡವರು ಹೇಗೆ ಹೊಡೆದರು, ಹೇಗೆ ಬಚಾವಾದರು ಎಂಬುದನ್ನು ನೋಡಿಯೇ ಹುಡುಗರು ಇಂಥ ಲೆಕ್ಕ ಕಲಿಯುವುದು.

ಎರಡು ತಿಂಗಳು ಕಳೆದು ಮೇ ತಿಂಗಳಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಇನ್ನೂ ಚಿಕ್ಕ ಮಕ್ಕಳ ನಡುವೆ ಇನ್ನೂ ಸಣ್ಣ ಜಗಳ. ಇಬ್ಬರೂ ಅಕ್ಕಪಕ್ಕದವರು, ಒಟ್ಟಿಗೇ ಆಡಿ ಬೆಳೆದವರು. ಆರನೇ ತರಗತಿಯವನು ಮನೆಯೊಳಗಿಂದ ಚಾಕು ತಂದು ಒಂಬತ್ತನೇ ತರಗತಿಯವನಿಗೆ ಇರಿದ. ಒಂದೇ ಬೀದಿಯ ಎರಡು ಮನೆಗಳು ಒಂದೇ ದಿನ ಹಾಳಾದವು.

ಇಂಥ ಸುದ್ದಿ ಬಂದ ಮರುದಿನ ಚಹಾದ ಅಂಗಡಿಯಿಂದ ಹಿಡಿದು ಟೀವಿ ಚರ್ಚೆಯವರೆಗೆ ಕೇಳಿಬರುವ ತೀರ್ಪುಗಳು ಮೂರೇ. ‘ಎಲ್ಲಾ ಈ ಮೊಬೈಲ್‌ನಿಂದ.’ ‘ಸಿನಿಮಾ ನೋಡಿ ನೋಡಿ ಹಾಳಾದ್ರು.’ ‘ಮೇಷ್ಟ್ರ ಕೈಯಿಂದ ಬೆತ್ತ ಕಿತ್ಕೊಂಡಿದ್ದೇ ತಪ್ಪಾಯ್ತು.’ ಮೂರಕ್ಕೂ ಒಂದು ಅನುಕೂಲವಿದೆ. ಯಾವುದನ್ನು ಒಪ್ಪಿದರೂ ಮನೆಯವರಾಗಲಿ, ಊರಿನವರಾಗಲಿ ಉತ್ತರ ಕೊಡಬೇಕಾದ್ದಿಲ್ಲ.

ಅಂಕಿಅಂಶಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣಗಳು 31,170. 2022ರಲ್ಲಿ 30,555. ಅವುಗಳಲ್ಲಿ ಸಿಕ್ಕಿಬಿದ್ದವರ ಪೈಕಿ ಮುಕ್ಕಾಲಿಗಿಂತ ಹೆಚ್ಚಿನವರು 16ರಿಂದ 18ರ ವಯಸ್ಸಿನವರು. ಇಡೀ ಒಂದು ತಲೆಮಾರೇ ಕೊಲೆಗಡುಕರಾಗುತ್ತಿದೆ ಎನ್ನುವ ಗಾಬರಿಗೆ ಈ ಸಂಖ್ಯೆಗಳಲ್ಲಿ ಆಧಾರವಿಲ್ಲ. ಆದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ಹಿಂಸೆಯ ಲೆಕ್ಕವೇ ಬೇರೆ. 2019ರ ಯುನೆಸ್ಕೊ ವರದಿಯ ಪ್ರಕಾರ ಜಗತ್ತಿನ ಶಾಲಾ ಮಕ್ಕಳಲ್ಲಿ ಹತ್ತಿರಹತ್ತಿರ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಸಹಪಾಠಿಗಳ ಕಾಟ ಉಂಡವರು. ಚಾಕು, ಮಚ್ಚು ಹೊರಬರುವುದು ಈ ದಿನನಿತ್ಯದ ಕಾಟದ ತುತ್ತತುದಿಯಲ್ಲಿ. ತುದಿ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ.

ಸಿನಿಮಾದ ಮಾತಿಗೆ ಬರೋಣ. ತಾಮರಶ್ಶೇರಿಯ ಸಾವಿನ ನಂತರ ಕೇರಳದಲ್ಲಿ ಬೆರಳು ಹೋದದ್ದು ‘ಮಾರ್ಕೊ’ ಎಂಬ ಚಿತ್ರದ ಕಡೆಗೆ. ಅದನ್ನು ಟೀವಿಯಲ್ಲಿ ತೋರಿಸಲು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ನಮಗೂ ಈ ಚರ್ಚೆ ಹಳೆಯದು. 1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂದಾಗ ಶುರುವಾದ ಲಾಂಗು, ಮಚ್ಚಿನ ವಾದ ಇವತ್ತಿಗೂ ಮುಗಿದಿಲ್ಲ. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಇಬ್ಬರು ಜನಪ್ರಿಯರು ಮಚ್ಚು ಹಿಡಿದು ರೀಲ್ಸ್ ಹಾಕಿ ಬಂಧನಕ್ಕೂ ಒಳಗಾದರು. ಅವರನ್ನು ಹಿಂಬಾಲಿಸುವ ಲಕ್ಷಾಂತರ ಮಂದಿಯಲ್ಲಿ ಹೈಸ್ಕೂಲಿನವರೇ ಎಷ್ಟಿರಬಹುದು ಎಂದು ಯೋಚಿಸಿದರೆ ಕಳವಳ ಆಗುವುದು ಸಹಜ.

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಅದನ್ನು ಪ್ರಯೋಗ ಮಾಡಿ ತೋರಿಸಿದವರು ಆಲ್ಬರ್ಟ್ ಬಂಡೂರಾ. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳಲ್ಲಿ ಒಂದು ತಂಡದ ಮುಂದೆ, ವಯಸ್ಕರೊಬ್ಬರು ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿದು, ಬೈದರು. ಆಮೇಲೆ ಗೊಂಬೆಯ ಜೊತೆ ಬಿಟ್ಟಾಗ ಮಕ್ಕಳೂ ಅದೇ ಬೈಗುಳ ಬೈದು, ಅದೇ ರೀತಿ ಬಡಿದರು. ಈ ಪ್ರಯೋಗವನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿ ಹೇಳುತ್ತಾರೆ. 1965ರಲ್ಲಿ ಬಂಡೂರಾ ಮುಂದುವರಿದು ಇನ್ನೊಂದನ್ನು ಪರೀಕ್ಷಿಸಿದರು. ಹೊಡೆದವನಿಗೆ ಕೊನೆಯಲ್ಲಿ ಶಿಕ್ಷೆಯಾಗುವ ಚಿತ್ರ ಕೆಲವು ಮಕ್ಕಳಿಗೆ, ಶಹಬ್ಬಾಸ್‌ಗಿರಿ ಸಿಗುವ ಚಿತ್ರ ಇನ್ನು ಕೆಲವರಿಗೆ. ಶಿಕ್ಷೆ ನೋಡಿದವರು ಕಡಿಮೆ ಅನುಕರಿಸಿದರು. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ ಎಂದಾಗ ಗುಂಪುಗಳ ನಡುವಿನ ಆ ವ್ಯತ್ಯಾಸವೇ ಮಾಯವಾಯಿತು! ಅಂದರೆ ಕಲಿಯುವುದು ಎಲ್ಲರೂ ಕಲಿತಿರುತ್ತಾರೆ. ಹೊರಗೆ ತರುವುದೋ ಬೇಡವೋ ಎಂಬುದನ್ನು ತೀರ್ಮಾನಿಸುವುದು, ಹೊಡೆದವನಿಗೆ ಲೋಕದಲ್ಲಿ ಏನಾಯಿತು ಎಂಬ ತಿಳಿವಳಿಕೆ.

‘ಓಂ’ ನೋಡಿದ ಲಕ್ಷಾಂತರ ಹುಡುಗರು ಇವತ್ತು ಬ್ಯಾಂಕಿನಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ದುಡಿಯುತ್ತ ಮಕ್ಕಳ ಫೀಸು ಕಟ್ಟುತ್ತಿದ್ದಾರೆ. ವಿಡಿಯೊ ಗೇಮ್ ಬಗ್ಗೆಯೂ ಇದೇ ಮಾತು. 2019ರಲ್ಲಿ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನು ಅಧ್ಯಯನ ಮಾಡಿದರು. ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣಕಾರಿ ವರ್ತನೆಗೂ ಅವರಿಗೆ ಸಂಬಂಧ ಸಿಗಲಿಲ್ಲ. ತೆರೆ ಹುಡುಗರಿಗೆ ಹೊಡೆಯುವ ಶೈಲಿ ಕಲಿಸಬಹುದು, ನಡಿಗೆ, ಡೈಲಾಗು, ಕೂದಲು ಕಲಿಸಬಹುದು. ಹೊಡೆಯಲು ಕಾರಣ ಹುಟ್ಟುವುದು ಬೇರೆ ಕಡೆ.

ಹಾಗಾದರೆ ಮೊಬೈಲ್ ನಿರಪರಾಧಿಯೇ? ಖಂಡಿತ ಅಲ್ಲ. ಆದರೆ ಅದರ ಅಪರಾಧ ನಾವು ಅಂದುಕೊಂಡ ಜಾಗದಲ್ಲಿಲ್ಲ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಸರಳ ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದಾಗ ನಿಲ್ಲಿಸಬೇಕೋ, ನುಗ್ಗಬೇಕೋ ಎಂಬುದು ಆಡುವವನಿಗೆ ಬಿಟ್ಟದ್ದು. ಒಬ್ಬರೇ ಆಡುವಾಗ ಹದಿಹರೆಯದವರಿಗೂ ವಯಸ್ಕರಿಗೂ ಅಂಥ ವ್ಯತ್ಯಾಸವಿರಲಿಲ್ಲ. ಹಿಂದೆ ಗೆಳೆಯರು ನಿಂತು ನೋಡತೊಡಗಿದ ಕೂಡಲೇ 13ರಿಂದ 16ರ ಮಕ್ಕಳು ತೆಗೆದುಕೊಂಡ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 24 ದಾಟಿದವರು ಮೊದಲಿನಂತೆಯೇ ಆಡಿದರು. ಆ ವಯಸ್ಸಿನ ಮೆದುಳಿನಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯ ಭಾಗ ಬೇಗ ಚುರುಕಾಗುತ್ತದೆ. ತಡೆದು ಯೋಚಿಸುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಯಸ್ಸಿಗೆ.

ಹಿಂದೆ ಶಾಲೆಯ ಹಿಂಬದಿ ನಡೆದ ಜಗಳಕ್ಕೆ ಹತ್ತು ಜನ ಪ್ರೇಕ್ಷಕರು. ಬೆಲ್ ಹೊಡೆದರೆ ಅವರೂ ಚದುರುತ್ತಿದ್ದರು. ಈಗ ಯಾವುದೇ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿಗೆ ಶಾಲೆ ಬಿಡುವ ಹೊತ್ತಿಗೆ ಹೋಗಿ ನೋಡಿ. ಇಬ್ಬರು ಹುಡುಗರು ಕಾಲರ್ ಹಿಡಿದುಕೊಂಡರೆ ಬಿಡಿಸಲು ಮುಂದೆ ಬರುವ ಕೈಗಿಂತ ಮೊದಲು ಮೊಬೈಲ್ ಹಿಡಿದ ಕೈಗಳು ಮೇಲೇಳುತ್ತವೆ. ಆ ಕ್ಷಣದಿಂದ ಆ ಜಗಳ ಅವರಿಬ್ಬರದಲ್ಲ. ಸೋತವನ ಮುಖ ರಾತ್ರಿ ಇಡೀ ಹತ್ತು ಗುಂಪುಗಳಲ್ಲಿ ಸುತ್ತುತ್ತದೆ, ಕೆಳಗೆ ನಗುವ ಚಿಹ್ನೆಗಳು. ಮನೆಯಲ್ಲಿ ಊಟಕ್ಕೆ ಕೂತವನ ಕಿಸೆಯಲ್ಲೂ ಅವಮಾನ ಗುಂಯ್‌ಗುಡುತ್ತಿರುತ್ತದೆ. ತಾಮರಶ್ಶೇರಿಯಲ್ಲಿ ಹಾಡು ನಿಂತಾಗ ಹುಟ್ಟಿದ ಸಿಟ್ಟು ಆರದೆ ದಿನಗಟ್ಟಲೆ ಉಳಿದದ್ದು ಹೀಗೆ.

ಇನ್ನು ಜಗಳದ ಕಿಡಿಯ ವಿಷಯ. ನಮ್ಮ ಪತ್ರಿಕೆಗಳ ಅಪರಾಧ ಪುಟದಲ್ಲಿ ‘ಗುರಾಯಿಸಿದ್ದಕ್ಕೆ ಇರಿತ’ ಎಂಬ ತಲೆಬರಹ ವರ್ಷಕ್ಕೆ ಎಷ್ಟು ಸಲ ಬರುತ್ತದೋ. ‘ಏನೋ ಗುರಾಯಿಸ್ತೀಯಾ?’ ಎನ್ನುವ ಒಂದು ಪ್ರಶ್ನೆಯಿಂದ ಹೆಣ ಬಿದ್ದ ಪ್ರಕರಣಗಳಿವೆ. ಓದುವವರಿಗೆ ಅದು ಕ್ಷುಲ್ಲಕ ಕಾರಣ. ಆ ಹುಡುಗನಿಗೆ ಹಾಗಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಡಾಜ್ 1980ರಲ್ಲಿ ಇದನ್ನು ಹತ್ತಿರದಿಂದ ನೋಡಿದರು. ಹುಡುಗರು ತಮ್ಮ ಪಾಡಿಗೆ ಚಿತ್ರದ ತುಣುಕುಗಳನ್ನು ಜೋಡಿಸುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿರುವ ಇನ್ನೊಬ್ಬ ಹುಡುಗ ಅದನ್ನು ಕೆಡಿಸಿದನೆಂದು ಅವರಿಗೆ ಗೊತ್ತಾಗುತ್ತದೆ. ಬೇಕೆಂತಲೇ ಕೆಡಿಸಿದ ಎಂದು ಸ್ಪಷ್ಟವಾಗಿದ್ದರೆ ಎಲ್ಲರಿಗೂ ಸಿಟ್ಟು. ಕೈತಪ್ಪಿ ಆಯಿತು ಎಂದು ಸ್ಪಷ್ಟವಾಗಿದ್ದರೆ ಎಲ್ಲರೂ ಸುಮ್ಮನೆ. ಬೇಕಂತಲೋ, ಕೈತಪ್ಪಿಯೋ ತಿಳಿಯದಂತೆ ಇದ್ದಾಗ ಮಾತ್ರ ಗುಂಪು ಎರಡಾಯಿತು. ಜಗಳಗಂಟ ಹುಡುಗರು ಅದನ್ನು ಹಗೆತನ ಎಂದೇ ಓದಿಕೊಂಡರು. ಮುಂದೆ ಒಂಬತ್ತು ದೇಶಗಳ ಸುಮಾರು 1,300 ಮಕ್ಕಳ ಜೊತೆ ಡಾಜ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎದುರಿನವನ ಮನಸ್ಸಿನಲ್ಲಿ ಕೇಡಿದೆ ಎಂದು ಭಾವಿಸಿದ ಮಗು ತಿರುಗಿ ಬೀಳುವ ಸಾಧ್ಯತೆ, ಹಾಗೆ ಭಾವಿಸದ ಮಗುವಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ಅದು ಹೇಳಿತು.

ಸುಮ್ಮನೆ ನೋಡಿದ ಕಣ್ಣಲ್ಲೂ ಕೇಡು ಕಾಣುವ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಯಾವ ಕ್ಷಣದಲ್ಲಿ ಯಾರು ಹೊಡೆಯುತ್ತಾರೋ ಗೊತ್ತಾಗದ ಮನೆಯಲ್ಲಿ, ತರಗತಿಯಲ್ಲಿ ಬೆಳೆದ ಮಗುವಿಗೆ ಅದು ಬದುಕಿ ಉಳಿಯುವ ಜಾಣತನ. ಅಪ್ಪ ಕುಡಿದು ಬಂದ ಹೆಜ್ಜೆಸಪ್ಪಳದಲ್ಲೇ ಇವತ್ತಿನ ರಾತ್ರಿ ಹೇಗಿರುತ್ತದೆ ಎಂದು ಅಳೆಯಬಲ್ಲ ಮಕ್ಕಳು ನಮ್ಮ ಪ್ರತಿ ತರಗತಿಯಲ್ಲೂ ಇದ್ದಾರೆ. ಶಿಕ್ಷಕರನ್ನು ಕೇಳಿ, ಹೆಸರು ಹಿಡಿದು ಹೇಳುತ್ತಾರೆ.

ಬೆತ್ತ ಬೇಕು ಎನ್ನುವ ವಾದಕ್ಕೆ ಇಲ್ಲಿಂದಲೇ ಉತ್ತರ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂದು ಹಾಡಿಕೊಂಡು ಬೆಳೆದ ನಾಡು ನಮ್ಮದು. ಕೈಕಟ್ಟಿ ಜಂತಿಗೆ ತೂಗುಹಾಕುವ ಕೋದಂಡದ ಶಿಕ್ಷೆಯನ್ನು ಅಜ್ಜಂದಿರು ಹೆಮ್ಮೆಯಿಂದ ನೆನೆಸಿಕೊಳ್ಳುತ್ತಾರೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ದೊಡ್ಡ ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಶಾಲೆಗೆ ಹೋಗುವವರಲ್ಲಿ ನೂರಕ್ಕೆ 65 ಮಂದಿ ಶಾಲೆಯಲ್ಲೇ ದೈಹಿಕ ಶಿಕ್ಷೆ ಅನುಭವಿಸಿದವರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಇದನ್ನು ನಿಷೇಧಿಸಿತು. ಆದರೂ ‘ಕೈಕಾಲು ಮುರಿದ್ರೂ ಪರವಾಗಿಲ್ಲ ಸಾರ್, ಬುದ್ಧಿ ಕಲಿಸಿ’ ಎಂದು ಮಗನನ್ನು ಶಾಲೆಗೆ ಸೇರಿಸುವ ತಂದೆಯರು ಈಗಲೂ ಇದ್ದಾರೆ. ಮಾತು ಕೇಳದವರನ್ನು ಹೊಡೆದು ದಾರಿಗೆ ತರಬೇಕು, ಶಕ್ತಿ ಇರುವವನಿಗೆ ಆ ಹಕ್ಕಿದೆ ಎಂಬ ಪಾಠವನ್ನು ಬೆತ್ತ ಯಾವ ಪಾಠಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹುಡುಗನಿಗೂ ಶಕ್ತಿ ಬಂದಿರುತ್ತದೆ.

ಒಂದು ಮಾತು ಸೇರಿಸಲೇಬೇಕು. ಹೊಡೆತ ತಿಂದು ಬೆಳೆದವರೆಲ್ಲ ಹಿಂಸೆಗೆ ಇಳಿಯುವುದಿಲ್ಲ. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯ ಉಂಡವರನ್ನು ದೀರ್ಘಕಾಲ ಹಿಂಬಾಲಿಸಿ ಅಧ್ಯಯನ ಮಾಡಿದ ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಪ್ರಕಾರ ಅಪಾಯ ಹೆಚ್ಚುವುದು ನಿಜ. ಬಹುಪಾಲು ಮಂದಿ ಆ ದಾರಿ ಹಿಡಿಯಲಿಲ್ಲ ಎಂಬುದೂ ಅಷ್ಟೇ ನಿಜ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ನಡೆದ ಅಧ್ಯಯನದ ಬಲದ ಮೇಲೆ ಟೆರಿ ಮಾಫಿಟ್ 1993ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ್ದು. ಹದಿಹರೆಯದಲ್ಲಿ ಹೊಡೆದಾಡುವ ಹುಡುಗರಲ್ಲಿ ಹೆಚ್ಚಿನವರು ಆ ವಯಸ್ಸು ದಾಟಿದ ಮೇಲೆ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಹದಿನಾಲ್ಕರ ಹುಡುಗನಿಗೆ ‘ರೌಡಿ’ ಎಂದು ಹೆಸರಿಟ್ಟು ಬಿಡುವ ಮೇಷ್ಟ್ರು ತನಗರಿವಿಲ್ಲದೆಯೇ ಅವನ ವಾಪಸು ಬರುವ ದಾರಿಗೆ ಬೇಲಿ ಹಾಕುತ್ತಾರೆ.

ಹುಡುಗ ಎಂದೇ ಬರೆಯುತ್ತ ಬಂದಿದ್ದೇನೆ. ಹುಡುಗಿಯರ ನಡುವೆಯೂ ಕಾಟ, ಬಹಿಷ್ಕಾರ ಇವೆ. ಆದರೆ ಪೊಲೀಸ್ ಪ್ರಕರಣಗಳಲ್ಲಿ ಬಹುಪಾಲು ಗಂಡುಮಕ್ಕಳೇ. ಪೆಟ್ಟು ತಿಂದು ಅಳುತ್ತ ಮನೆಗೆ ಬಂದ ಮಗನಿಗೆ ‘ಹೊಡೆಸ್ಕೊಂಡು ಬಂದ್ಯಾ? ಹೋಗು, ನೀನೂ ಎರಡು ಕೊಟ್ಟು ಬಾ’ ಎಂದು ಬಾಗಿಲಿಂದಲೇ ವಾಪಸು ಕಳಿಸುವ ಮನೆಗಳು ಎಷ್ಟಿಲ್ಲ! ಮಗಳಿಗೆ ಯಾರೂ ಹಾಗೆ ಹೇಳುವುದಿಲ್ಲ.

ಇಷ್ಟಕ್ಕೂ ಇದೆಲ್ಲ ಒಬ್ಬ ಹುಡುಗ, ಒಂದು ಮನೆಯ ಮಾತು. ಊರಿಗೆ ಊರೇ ಹುಡುಗರ ಬೆನ್ನ ಹಿಂದೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯನ್ನು ನೋಡಬೇಕು. ಈ ಲೇಖನ ಬರೆಯಲು ನನ್ನನ್ನು ದೂಡಿದ್ದು ಅದೇ.

ಆ ಸೀಮೆಯ ಶಾಲೆಗಳಲ್ಲಿ ಹುಡುಗರು ಮಣಿಕಟ್ಟಿಗೆ ಬಣ್ಣದ ದಾರ ಕಟ್ಟುತ್ತಾರೆ. ಒಂದೊಂದು ಜಾತಿಗೆ ಒಂದೊಂದು ಬಣ್ಣದ ಜೋಡಿ. ಊಟದ ಬಿಡುವಿನಲ್ಲಿ ಯಾರ ಜೊತೆ ಕೂರಬೇಕು, ಕಬಡ್ಡಿಗೆ ಯಾರನ್ನು ಸೇರಿಸಬೇಕು ಎಂಬುದನ್ನು ಆ ದಾರ ಹೇಳುತ್ತದೆ. ತರಬೇತಿಗೆ ಬಂದಿದ್ದ ಯುವ ಐಎಎಸ್ ಅಧಿಕಾರಿಗಳು ಇದನ್ನು ಗಮನಿಸಿ ವರದಿ ಮಾಡಿದರು. 2019ರ ಜುಲೈ ಕೊನೆಯಲ್ಲಿ ಶಾಲಾ ಶಿಕ್ಷಣ ಇಲಾಖೆ ದಾರ, ಉಂಗುರ, ಹಣೆಯ ಗುರುತುಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತು. ರಾಜಕೀಯ ವಿರೋಧ ಬಂತು. ಸುತ್ತೋಲೆ ತನ್ನ ಗಮನಕ್ಕೇ ಬಂದಿಲ್ಲ ಎಂದು ಸಚಿವರು ಹೇಳಿದರು, ಅಲ್ಲಿಗೆ ಅದು ಮೂಲೆ ಸೇರಿತು. 2022ರ ಏಪ್ರಿಲ್‌ನಲ್ಲಿ ಅದೇ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಕೈದಾರದ ವಿಷಯಕ್ಕೆ ಹುಡುಗರ ನಡುವೆ ಜಗಳವಾಗಿ 12ನೇ ತರಗತಿಯ ವಿದ್ಯಾರ್ಥಿಯೊಬ್ಬ ಸತ್ತ.

2023ರ ಆಗಸ್ಟ್‌ನಲ್ಲಿ ಅದೇ ಜಿಲ್ಲೆಯ ನಾಂಗುನೇರಿಯ ಘಟನೆ. ದಲಿತ ಕುಟುಂಬದ ಹುಡುಗ, 12ನೇ ತರಗತಿ, ಓದಿನಲ್ಲಿ ಮುಂದು. ಪ್ರಬಲ ಜಾತಿಯ ಸಹಪಾಠಿಗಳು ಅವನಿಂದ ಚಾಕರಿ ಮಾಡಿಸುತ್ತಿದ್ದರು, ಅಂಗಡಿಗೆ ಅಟ್ಟುತ್ತಿದ್ದರು, ಬೆದರಿಸುತ್ತಿದ್ದರು. ತಾಳಲಾರದೆ ಅವನು ಶಾಲೆ ಬಿಟ್ಟು ಮನೆಯಲ್ಲಿ ಕೂತ. ಯಾಕೆ ಬರುತ್ತಿಲ್ಲ ಎಂದು ಶಾಲೆಯವರು ಕೇಳಿದಾಗ ವಿಷಯ ಬಾಯಿಬಿಟ್ಟ, ಬರಹದಲ್ಲಿ ದೂರು ಕೊಟ್ಟ. ದೊಡ್ಡವರು ಮಕ್ಕಳಿಗೆ ಸದಾ ಹೇಳುವುದನ್ನೇ ಅವನು ಮಾಡಿದ್ದ. ತಿರುಗಿ ಹೊಡೆಯಲಿಲ್ಲ, ಶಿಕ್ಷಕರ ಬಳಿ ಹೋಗಿ ಹೇಳಿದ. ದೂರಿನ ಸುದ್ದಿ ಆ ಹುಡುಗರಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವತ್ತು ರಾತ್ರಿ ಮಚ್ಚು ಹಿಡಿದು ಮನೆಗೇ ನುಗ್ಗಿದರು. ಅಣ್ಣನನ್ನು ಉಳಿಸಿಕೊಳ್ಳಲು ಅಡ್ಡ ಬಂದ ತಂಗಿಯನ್ನೂ ಕೊಚ್ಚಿದರು. ಮಕ್ಕಳಿಬ್ಬರೂ ಬದುಕಿದರು. ಪೆನ್ನು ಹಿಡಿಯಲಾಗದ ಕೈಯ ಹುಡುಗ ಲಿಪಿಕಾರರ ಸಹಾಯದಿಂದ ಮುಂದಿನ ವರ್ಷ ಪರೀಕ್ಷೆ ಬರೆದು 600ಕ್ಕೆ 469 ಅಂಕ ತೆಗೆದ.

ಆ ಮಚ್ಚು ಹಿಡಿದ ಹುಡುಗರೂ ಶಾಲಾ ಮಕ್ಕಳೇ ಎಂಬುದನ್ನು ನೆನೆದರೆ ಎದೆ ನಡುಗುತ್ತದೆ. ಅವರಿಗೆ ಆ ದಲಿತ ಹುಡುಗನ ಮೇಲೆ ಯಾವ ಹಳೆಯ ದ್ವೇಷವಿತ್ತು? ಅವನು ದೂರು ಕೊಟ್ಟದ್ದೇ ಅವರಿಗೆ ಸಹಿಸಲಾರದ ಅವಮಾನವಾಗಿ ಕಂಡಿತು. ನಮ್ಮವರ ಎದುರು ಅವರು ತಲೆ ಎತ್ತಬಾರದು ಎಂಬುದನ್ನು ಯಾವ ಸಿನಿಮಾ, ಯಾವ ಗೇಮು ಕಲಿಸಿತು? ಮನೆಯ ಜಗಲಿಯಲ್ಲಿ, ಮದುವೆ ಚಪ್ಪರದಲ್ಲಿ, ಜಾತ್ರೆಯಲ್ಲಿ, ಚುನಾವಣೆಯ ಹೊತ್ತಿನ ಮಾತುಗಳಲ್ಲಿ ಹುಡುಗರು ಅದನ್ನು ಕೇಳುತ್ತ ಬೆಳೆದರು. ಬಂಡೂರಾ ಪ್ರಯೋಗದ ಎರಡನೇ ಭಾಗ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಹೊಡೆದವನಿಗೆ ಊರಲ್ಲಿ ಮರ್ಯಾದೆ ಹೆಚ್ಚಿದ್ದನ್ನು ಅವರು ನೋಡಿದ್ದರು.

ಈ ಘಟನೆಯ ನಂತರ ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು. 2024ರ ಜೂನ್‌ನಲ್ಲಿ ಅವರು ಕೊಟ್ಟ ವರದಿ ಹುಡುಗರಿಗೆ ಬುದ್ಧಿವಾದ ಹೇಳಲು ಹೋಗಲಿಲ್ಲ, ವ್ಯವಸ್ಥೆಯ ಕಡೆ ತಿರುಗಿತು. ಶಾಲೆಗಳ ಹೆಸರಿನಲ್ಲಿ ಅಂಟಿಕೊಂಡ ಜಾತಿ ತೆಗೆಯಿರಿ. ಹಾಜರಿ ಪುಸ್ತಕದಲ್ಲಿ ಜಾತಿ ಕಾಣಿಸಬೇಡಿ. ಒಂದೇ ಕಡೆ ಬೇರು ಬಿಟ್ಟ ಶಿಕ್ಷಕರನ್ನು, ಅಧಿಕಾರಿಗಳನ್ನು ವರ್ಗ ಮಾಡಿ. ಕೈದಾರ ನಿಲ್ಲಿಸಿ. 500ಕ್ಕಿಂತ ಹೆಚ್ಚು ಮಕ್ಕಳಿರುವ ಪ್ರೌಢಶಾಲೆಗಳಿಗೆ ಕಲ್ಯಾಣಾಧಿಕಾರಿ ಬೇಕು. ಮಕ್ಕಳ ಹಿಂಸೆಯ ಬಗ್ಗೆ ನಮ್ಮ ದೇಶದಲ್ಲಿ ಬಂದ ಸರ್ಕಾರಿ ವರದಿಗಳಲ್ಲಿ ಇಷ್ಟು ನೇರವಾಗಿ ದೊಡ್ಡವರನ್ನು ಕಟಕಟೆಗೆ ತಂದದ್ದು ಕಡಿಮೆ. ಕೆಲವು ಶಿಫಾರಸುಗಳಿಗೆ ಅಲ್ಲೂ ಕಟು ವಿರೋಧ ಬಂತು.

ಇದು ತಮಿಳುನಾಡಿನ ಕಥೆ, ನಮ್ಮದಲ್ಲ ಎನ್ನುವವರು ನಮ್ಮ ಹುಡುಗರ ಬೈಕುಗಳ ನಂಬರ್ ಪ್ಲೇಟನ್ನು, ಅವರ ಸ್ಟೇಟಸ್‌ಗಳನ್ನು, ಪಿಯುಸಿ ಕಾಲೇಜಿನ ಗುಂಪುಗಳು ಒಡೆಯುವ ರೀತಿಯನ್ನು ಒಮ್ಮೆ ಗಮನಿಸಲಿ. ನಮ್ಮಲ್ಲಿ ದಾರದ ಬದಲು ಸ್ಟಿಕ್ಕರ್ ಇದೆ.

ಶಿಕ್ಷೆ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿದೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಬಂದ 2015ರ ಬಾಲ ನ್ಯಾಯ ಕಾಯ್ದೆ ಘೋರ ಅಪರಾಧ ಮಾಡಿದ 16ರಿಂದ 18ರ ಮಕ್ಕಳನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿತು. ಬಾಲ ನ್ಯಾಯ ಮಂಡಳಿ ಮೊದಲು ಆ ಮಗುವಿನ ಮಾನಸಿಕ ಸಾಮರ್ಥ್ಯವನ್ನು ಅಳೆಯಬೇಕು. ಹಳದಿ ದೀಪದ ಪ್ರಯೋಗವನ್ನು ನೆನಪಿಸಿಕೊಳ್ಳಿ. ಗೆಳೆಯರ ಮುಂದೆ ಕಾಲು ಬ್ರೇಕಿನ ಮೇಲೆ ಹೋಗದ ಹುಡುಗನಿಗೆ ಸೆಷನ್ಸ್ ಕೋರ್ಟಿನ ನೆನಪು ಆ ಕ್ಷಣಕ್ಕೆ ಬಂದು ಕೈ ಹಿಡಿಯುವುದಿಲ್ಲ. ಕೈ ಹಿಡಿಯಬೇಕಾದ್ದು ಅದಕ್ಕೂ ಮೊದಲು, ಹತ್ತಿರದಲ್ಲಿ ಇರುವ ಯಾರಾದರೂ.

ಅಂಥದು ಸಾಧ್ಯವೇ? ಸಾಧ್ಯ ಎನ್ನಲು ಎರಡು ಗಟ್ಟಿ ಪುರಾವೆಗಳಿವೆ. ಒಂದು ಷಿಕಾಗೊದ್ದು. ಅಪರಾಧದ ನೆರಳಿನ ಬಡಾವಣೆಗಳ ಶಾಲೆಗಳಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮ ನಡೆಯುತ್ತದೆ. ಮೊದಮೊದಲ ತರಗತಿಯಲ್ಲೇ ಹುಡುಗರನ್ನು ಜೋಡಿ ಮಾಡುತ್ತಾರೆ. ಒಬ್ಬನ ಮುಷ್ಟಿಯಲ್ಲಿ ಚೆಂಡು. ಮೂವತ್ತು ಸೆಕೆಂಡಿನಲ್ಲಿ ಅದನ್ನು ತೆಗೆದುಕೋ ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಹುಡುಗರು ಬೆರಳು ಬಿಡಿಸಲು ಗುದ್ದಾಡುತ್ತಾರೆ, ಕೈ ತಿರುಚುತ್ತಾರೆ, ನೆಲಕ್ಕೆ ಬೀಳುತ್ತಾರೆ. ಸಮಯ ಮುಗಿದ ಮೇಲೆ ಮಾರ್ಗದರ್ಶಕ ಒಂದೇ ಪ್ರಶ್ನೆ ಕೇಳುತ್ತಾನೆ: ‘ಚೆಂಡು ಕೊಡು ಅಂತ ಯಾಕೆ ಕೇಳಲಿಲ್ಲ?’ ಕೇಳಿದ್ರೆ ಕೊಡ್ತಿರಲಿಲ್ಲ ಎಂದು ಹುಡುಗರ ಉತ್ತರ. ಚೆಂಡು ಹಿಡಿದಿದ್ದವನನ್ನು ಕೇಳಿದರೆ, ಕೊಡ್ತಿದ್ದೆ, ಬರೀ ಚೆಂಡು ತಾನೆ ಎನ್ನುತ್ತಾನೆ. ಡಾಜ್ ಚಿತ್ರದ ತುಣುಕು ಜೋಡಿಸುವ ಆಟದಲ್ಲಿ ಕಂಡದ್ದನ್ನೇ ಇವರು ಮುಷ್ಟಿಯಲ್ಲಿ ತೋರಿಸಿ ಬಿಡಿಸುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದವರು ಚೀಟಿ ಎತ್ತಿ ಆಯ್ದ ಗುಂಪುಗಳನ್ನು ಹೋಲಿಸಿ ನೋಡಿದಾಗ ಹಿಂಸೆಯ ಪ್ರಕರಣಗಳಲ್ಲಿ ಬಂಧನ ನೂರಕ್ಕೆ 45ರಿಂದ 50ರಷ್ಟು ಇಳಿದಿತ್ತು. ಕಾರ್ಯಕ್ರಮ ನಿಲ್ಲಿಸಿದ ಮೇಲೆ ಆ ಪರಿಣಾಮವೂ ಮಂಕಾಯಿತು. ಒಂದು ದಿನದ ಉಪನ್ಯಾಸ ಇಟ್ಟು ಫೋಟೊ ತೆಗೆಸಿಕೊಳ್ಳುವ ನಮ್ಮ ಅಭ್ಯಾಸಕ್ಕೆ ಅದರಲ್ಲಿ ಎಚ್ಚರಿಕೆ ಇದೆ.

ಎರಡನೆಯದು ನನಗೆ ಇನ್ನೂ ಮುಖ್ಯ. ಅದು ನಮ್ಮ ದೇಶದ್ದೇ, ಬಿಹಾರದ ನಳಂದ ಜಿಲ್ಲೆಯದು. ಗೋವಾದ ಸಂಗಾತ್ ಸಂಸ್ಥೆಯವರು 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಸಿದರು. ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೊಬ್ಬರಿಗೇ ತರಬೇತಿ ಕೊಟ್ಟು ಜವಾಬ್ದಾರಿ ಒಪ್ಪಿಸಿದರು. ಇನ್ನು ಕೆಲವು ಶಾಲೆಗಳಿಗೆ ‘ಸೆಹರ್ ಮಿತ್ರ’ ಎಂಬ ಹೆಸರಿನಲ್ಲಿ ಹೊರಗಿನವರೊಬ್ಬರನ್ನು ಹಾಕಿದರು. ಇವರು ಮನೋವೈದ್ಯರಲ್ಲ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಸಾಮಾನ್ಯ ಜನ. ಮಾಡಿದ ಕೆಲಸವೂ ದೊಡ್ಡದೇನಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಒಂದಿಷ್ಟು ಮಾತು, ಗೋಡೆಪತ್ರಿಕೆ, ಹೇಳಲಾರದ್ದನ್ನು ಬರೆದು ಹಾಕಲು ಒಂದು ಪೆಟ್ಟಿಗೆ, ಗುಂಪು ಚಟುವಟಿಕೆ, ಬೇಕೆಂದವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತು. ಮಿತ್ರರಿದ್ದ ಶಾಲೆಗಳಲ್ಲಿ ಕಾಟ ಕಡಿಮೆಯಾಯಿತು, ಹೊಡೆತ ತಿನ್ನುವುದೂ ಹೊಡೆಯುವುದೂ ಕಡಿಮೆಯಾಯಿತು, ಖಿನ್ನತೆಯೂ ಇಳಿಯಿತು. ಶಿಕ್ಷಕರಿಗೇ ಜವಾಬ್ದಾರಿ ಕೊಟ್ಟ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇದರಿಂದ ಶಿಕ್ಷಕರನ್ನು ದೂರಬೇಕಾಗಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ, ಪೋರ್ಟಲ್ಲಿಗೆ ಮಾಹಿತಿ ತುಂಬುವುದು, ಇಷ್ಟೆಲ್ಲ ಹೊತ್ತವರ ಮೇಲೆ ಇನ್ನೊಂದನ್ನು ಹೇರಿ ಪವಾಡ ಬಯಸುವುದು ಅನ್ಯಾಯ. ಅದಕ್ಕಿಂತ ಆಳದ ಕಾರಣವನ್ನೂ ನಾನು ಊಹಿಸಬಲ್ಲೆ. ಅಂಕ ಹಾಕುವ, ಬೈಯುವ, ಅಪ್ಪನನ್ನು ಕರೆಸುವ ಅಧಿಕಾರ ಇರುವವರ ಮುಂದೆ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಸುದ್ದಿ ಸ್ಟಾಫ್ ರೂಮಿಗೆ, ಅಲ್ಲಿಂದ ಊರಿಗೆ ಹೋಗುತ್ತದೆ ಎಂಬುದು ಅದಕ್ಕೆ ಗೊತ್ತು. ನಾಂಗುನೇರಿಯ ಹುಡುಗ ದೂರು ಬರೆದ ದಿನ ಆ ಶಾಲೆಯಲ್ಲಿ ಗುಟ್ಟು ಕಾಯುವ, ಅವನನ್ನು ಆ ರಾತ್ರಿ ಕಾಯುವ ಏರ್ಪಾಡು ಮಾಡುವ ಒಬ್ಬರು ಬೇಕಿತ್ತು. ಹೊಡೆಯಲು ಹೊರಟವರಿಗೂ ಅಂಥ ಒಬ್ಬರು ಬೇಕಿತ್ತು.

ಕರ್ನಾಟಕದ ಪ್ರತಿ ಪ್ರೌಢಶಾಲೆಗೆ ಒಬ್ಬ ಮಿತ್ರ ಎಂದರೆ ಹಣ ಬೇಕು, ನಿಜ. ಶಾಲೆಗೆ ಕೊಡುವ ಬೇರೆ ಬೇರೆ ಉಡುಗೊರೆಗಳ ಮುಂದೆ ಅದು ಅಸಾಧ್ಯ ಖರ್ಚಲ್ಲ. ಸರ್ಕಾರ ಅದನ್ನು ಮಾಡಲಿ ಎಂದು ಕೇಳುವುದು ನಮ್ಮ ಹಕ್ಕು. ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ನಿಮ್ಮ ಮಗುವಿನ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೋ, ಪೋಷಕರ ಸಭೆಗೋ ತಪ್ಪದೆ ಹೋಗಿ. ಅಂಕಪಟ್ಟಿ ನೋಡುವ ಮೊದಲು ಮುಖ್ಯ ಶಿಕ್ಷಕರನ್ನು ಇಷ್ಟು ಕೇಳಿ: ಈ ಶಾಲೆಯಲ್ಲಿ ಮಗುವೊಂದು ಕಾಟದ ಬಗ್ಗೆ ಯಾರಿಗೆ ಹೇಳಬಹುದು, ಹೇಳಿದ್ದು ಯಾರ ಕಿವಿಗೂ ಬೀಳದಂತೆ ಯಾರು ನೋಡಿಕೊಳ್ಳುತ್ತಾರೆ, ಹೇಳಿದ ದಿನವೇ ಏನು ಮಾಡುತ್ತಾರೆ? ಒಂದು ಹೆಸರು ಸಿಗುವವರೆಗೆ ಬಿಡಬೇಡಿ. ಆ ಹೆಸರನ್ನು, ಮಕ್ಕಳ ಸಹಾಯವಾಣಿ 1098ನ್ನು, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ನ್ನು ನೋಟೀಸ್ ಬೋರ್ಡಿನ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ. ಮಗ ಪೆಟ್ಟು ತಿಂದು ಬಂದ ಸಂಜೆ ಅವನನ್ನು ಬಾಗಿಲಿಂದ ವಾಪಸು ಕಳಿಸಬೇಡಿ. ಒಳಗೆ ಕರೆದು ಕೂರಿಸಿಕೊಂಡು ಏನಾಯಿತು ಎಂದು ಪೂರ್ತಿ ಕೇಳಿ.